ಔಡಲೆಣ್ಣೆ ಹಚ್ಚಿದ ಗುಂಡುಗಳು

ನಮ್ಮ ಮನೆಯಲ್ಲಿ ವರ್ಷಕ್ಕಾಗುವಷ್ಟು ತೊಗರಿಬೇಳೆಗೆ ಎಣ್ಣೆ ಹಚ್ಚುವುದು ಅವ್ವನ ಕೆಲಸ. ಅದಕ್ಕೆ ಬೇರೆಯವರು ಕೈ ಹಾಕುವಂತಿಲ್ಲ. ಅಂಗೈಗೆ ಒಂದಿಷ್ಟು ಔಡಲೆಣ್ಣೆ, ಅಂದರೆ ಹರಳೆಣ್ಣೆ, ಸುರಿದುಕೊಂಡು, ಎರಡೂ ಕೈ ಉಜ್ಜಿ, ಮೊರದಲ್ಲಿರುವ ಬೇಳೆಯನ್ನು ಮೆಲ್ಲಗೆ ತಿಕ್ಕುತ್ತಾಳೆ. ಬೇಳೆ ಒದ್ದೆಯಾಗಬಾರದು, ಮಿಂಚಬೇಕು ಅಷ್ಟೆ. ಆಮೇಲೆ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಬಿಸಿಲಿಗೆ ಹರವುತ್ತಾಳೆ. ಬಿಸಿಲಿಗೆ ಎಣ್ಣೆ ಬೇಳೆಯೊಳಗೆ ಇಳಿಯುತ್ತದೆ. ಮುಂದಿನ ಸುಗ್ಗಿಯವರೆಗೆ ಹುಳ ಬೀಳುವುದಿಲ್ಲ.

ಕಳೆದ ವರ್ಷ ಇದೇ ಎಣ್ಣೆಯನ್ನು ಇದೇ ರೀತಿಯಲ್ಲಿ ಅವಳು ನನ್ನ ತಂಗಿಯ ಏರ್ ರೈಫಲ್ಲಿನ ಗುಂಡುಗಳಿಗೆ ಹಚ್ಚಿದಳು. ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ಆದಷ್ಟು ಸರಿಯಾಗಿ ಬರೆದಿಡಬೇಕು ಅನ್ನಿಸಿದೆ. ಮನೆಯಲ್ಲಿ ಈಗ ಆ ಮಾತನ್ನು ಯಾರೂ ಎತ್ತುವುದಿಲ್ಲ.

ನಮ್ಮದು ಗಿಣಿಗೇರಾ. ಅಪ್ಪ ಅಲ್ಲಿನ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಯಲಬುರ್ಗಾದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ವಾರವೆಲ್ಲ ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಸಂಜೆ ಊರಿಗೆ ಬರುತ್ತೇನೆ. ತಂಗಿ ಕೊಪ್ಪಳದಲ್ಲಿ ಬಿ.ಎ. ಓದುತ್ತಿದ್ದಳು. ಕಾಲೇಜಿನ ಕೆಡೆಟ್ ಶಿಬಿರವೊಂದರಲ್ಲಿ ಮೊದಲ ಸಲ ಬಂದೂಕು ಹಿಡಿದಳು. ಶಿಬಿರದಿಂದ ಬಂದವಳೇ ಗಂಗಾವತಿಯಲ್ಲಿ ಒಬ್ಬ ನಿವೃತ್ತ ಸುಬೇದಾರರು ಶೂಟಿಂಗ್ ಕಲಿಸುತ್ತಾರೆಂದೂ ತಾನು ಅಲ್ಲಿಗೆ ಹೋಗುವುದಾಗಿಯೂ ಹೇಳಿದಳು. ಕೇಳಲಿಲ್ಲ, ಹೇಳಿದಳು. ಅವಳು ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಸುಬೇದಾರರು ಗುರಿ ಹೊಡೆಯಲು ಕಲಿಸುತ್ತಿದ್ದ ರೇಂಜ್ ಅಂದರೆ ಒಂದು ಹಳೆಯ ಅಕ್ಕಿ ಗಿರಣಿಯ ಗೋದಾಮು. ಗಿರಣಿಯ ಮಾಲೀಕರು ಸಿದ್ದಾಪುರದ ಕಡೆ ಹೊಸ ಗಿರಣಿ ಹಾಕಿದ ಮೇಲೆ ಇದು ಖಾಲಿ ಬಿದ್ದಿತ್ತು. ಗೋಡೆಯ ಸಂದುಗಳಲ್ಲಿ ಇನ್ನೂ ಹೊಟ್ಟು ಉಳಿದಿತ್ತು, ಫ್ಯಾನ್ ಹಾಕಿದರೆ ಹಾರುತ್ತಿತ್ತು. ಒಂದು ತುದಿಯಲ್ಲಿ ಮೇಜುಗಳು, ಹತ್ತು ಮೀಟರ್ ಆಚೆ ಗುರಿಯ ಕಾಗದಗಳು, ಅವುಗಳ ಹಿಂದೆ ತಗಡು ಮತ್ತು ಮರಳಿನ ಚೀಲಗಳು. ಸುಬೇದಾರರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ಸೈನ್ಯದಲ್ಲಿ ಬಹಳ ವರ್ಷ ಇದ್ದು ಬಂದವರು, ಆದರೂ ಗದರಿಸುವ ಅಭ್ಯಾಸ ಇರಲಿಲ್ಲ. ಗುರಿ ತಪ್ಪಿದವರಿಗೆ, "ಗ್ವಾಡಿ ಏನ್ ತಪ್ಪು ಮಾಡಿತ್ತ ಬೇಟಿ?" ಎಂದು ಕೇಳುತ್ತಿದ್ದರು.

ಮೊದಲ ಎರಡು ವರ್ಷ ತಂಗಿ ಗೋಡೆಗೆ ಹೊಡೆಯಲಿಲ್ಲ. ಕಾಗದದ ನಡುವಿನ ಕಪ್ಪು ವೃತ್ತದಲ್ಲಿ ಅವಳ ಗುಂಡುಗಳು ಒಂದರ ಮೇಲೊಂದು ಕೂರುತ್ತಿದ್ದವು. ರಾಜ್ಯದ ತರಬೇತಿ ಕೇಂದ್ರವೊಂದಕ್ಕೆ ಆಯ್ಕೆ ನಡೆಯುತ್ತದೆ, ಆಯ್ಕೆಯಾದರೆ ಅಲ್ಲೇ ವಸತಿ, ಅಲ್ಲೇ ಓದು ಎಂದು ಚಾಚಾ ಹೇಳಿದರು. ಅವಳ ವಯಸ್ಸಿಗೆ ಕಳೆದ ವರ್ಷವೇ ಕೊನೆಯ ಅವಕಾಶವಾಗಿತ್ತು. ಅಪ್ಪ ಒಪ್ಪಿದ್ದು ಆ ಲೆಕ್ಕದ ಮೇಲೆಯೇ. ಕುಷ್ಟಗಿಯ ಅತ್ತೆ ತನ್ನ ಮಗನಿಗೆ ಇವಳನ್ನು ಕೇಳಿದ್ದಳು. ಆಯ್ಕೆ ಮುಗಿಯುವವರೆಗೆ ಆ ಮಾತು ಬೇಡ ಎಂದು ಅಪ್ಪ ಹೇಳಿ ಕಳಿಸಿದ್ದ. ಅತ್ತೆ ಫೋನು ಮಾಡಿದಾಗೆಲ್ಲ, "ಗುಬ್ಬಿ ಹೊಡಿಯೋದು ಮುಗೀತೇನವ್ವ ನಿಮ್ಮ ಹುಡುಗಿದು?" ಎಂದು ಕೇಳುತ್ತಿದ್ದಳು. ಅವ್ವ ಹವಾಮಾನದ ಮಾತಾಡುತ್ತಿದ್ದಳು.

ಆಯ್ಕೆಯ ವರ್ಷ ಶುರುವಾದಾಗ ತಂಗಿಯ ಗುಂಡುಗಳು ಚೆದುರತೊಡಗಿದವು. ಒಂದು ದಿನ ಚೆನ್ನಾಗಿ ಬಂದರೆ ಮರುದಿನ ಕೆಡುತ್ತಿತ್ತು. ಬರಬರುತ್ತ ಚೆನ್ನಾಗಿ ಬಂದ ದಿನಗಳೇ ಕಡಿಮೆಯಾದವು. ಚಾಚಾ ಅವಳ ನಿಲುವು ತಿದ್ದಿದರು, ಉಸಿರು ಹಿಡಿಯುವುದನ್ನು ತಿದ್ದಿದರು, ತಿಂಡಿ ಏನು ತಿಂದು ಬರುತ್ತೀ ಎಂದು ಕೇಳಿದರು. ಕೊನೆಗೆ ಗುಂಡಿನ ಮೇಲೆ ಅನುಮಾನ ಬಂತು.

ಏರ್ ರೈಫಲ್ಲಿನ ಗುಂಡು ಸೀಸದ್ದು. ಹೆಸರುಕಾಳಿಗಿಂತ ತುಸು ದೊಡ್ಡದು. ನಡು ಸಣ್ಣಗಿದ್ದು ಹಿಂದೆ ಲಂಗದಂತೆ ಅಗಲವಾಗಿರುತ್ತದೆ. ಗಾಳಿಯ ಒತ್ತಡ ಆ ಲಂಗವನ್ನು ಉಬ್ಬಿಸಿ ನಳಿಗೆಯ ಒಳಮೈಗೆ ಒತ್ತಿ ಹಿಡಿಯುತ್ತದೆ. ಸೀಸ ಮೆತ್ತಗಿರುವುದರಿಂದ ನಳಿಗೆಯಲ್ಲಿ ಸ್ವಲ್ಪ ಸ್ವಲ್ಪ ಬಿಟ್ಟು ಹೋಗುತ್ತದೆ. ಹಾಗಾಗಿ ಕೆಲವರು ಗುಂಡಿಗೆ ತೆಳುವಾಗಿ ಎಣ್ಣೆ ಹಚ್ಚುತ್ತಾರೆ, ಕೆಲವರು ಅದು ಹುಚ್ಚು ಅನ್ನುತ್ತಾರೆ. ಚಾಚಾ ಹಚ್ಚುವವರ ಪೈಕಿ. "ಒಣಾ ಸೀಸ ನಳಗ್ಯಾಗ ತಿಕ್ಕತೈತಿ ಬೇಟಿ. ಜರಾ ಎಣ್ಣಿ ತೋರಸಬೇಕು. ತೋರಸಬೇಕು ಅಷ್ಟ, ಕುಡಸಬಾರದು," ಎಂದರಂತೆ. ಯಾವ ಎಣ್ಣೆ ಎಂದು ಅವರು ಹೇಳಲಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದರು.

ತಂಗಿ ಗುಂಡಿನ ಡಬ್ಬಿಯನ್ನು ಮನೆಗೆ ತಂದು ಅಡುಗೆಮನೆಯಲ್ಲಿ ಈ ಮಾತು ಹೇಳಿದಳು. ತೋರಿಸಬೇಕು, ಕುಡಿಸಬಾರದು ಎಂಬುದು ಅವ್ವನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ರೈಫಲ್ಲಿನ ವಿಷಯದಲ್ಲಿ ಅವಳಿಗೆ ಅರ್ಥವಾದ ಮೊದಲ ಮಾತು ಅದು. "ಅದು ನನಗ ಬಿಡು," ಎಂದು ಡಬ್ಬಿ ಇಸಕೊಂಡಳು. ಮೊರ ತಂದು, ಅಂಗೈಗೆ ಔಡಲೆಣ್ಣೆ ತಗೊಂಡು, ಒಂದು ಗುಂಡಿನ ಲಂಗವೂ ಚಪ್ಪಟೆಯಾಗದ ಹಾಗೆ ತಿಕ್ಕಿದಳು. ಮುಗಿದ ಮೇಲೆ ಮಾಳಿಗೆಗೆ ಒಯ್ದು ಸೀರೆಯ ಮೇಲೆ ಹರವಿದಳು.

ನಾನು ಶನಿವಾರ ಬಂದಾಗ ಗುಂಡುಗಳು ಇನ್ನೂ ಅಲ್ಲೇ ಇದ್ದವು. ಪಕ್ಕದ ಮನೆಯಾಕೆ ತಮ್ಮ ಮಾಳಿಗೆಯಿಂದ ಬಗ್ಗಿ ನೋಡಿ, ಈ ಸಲದ ತೊಗರಿ ಯಾಕೆ ಇಷ್ಟು ಕಪ್ಪು ಎಂದು ಕೇಳಿದ್ದಳಂತೆ. ಇದು ಕುದಿಯೋ ತೊಗರಿ ಅಲ್ಲ, ಹಾರೋ ತೊಗರಿ ಎಂದು ಅವ್ವ ಹೇಳಿದ್ದಳು. ಅದನ್ನು ನನಗೆ ಹೇಳುವಾಗ ನಕ್ಕಳು. ಅವ್ವ ಹಾಗೆ ನಕ್ಕಿದ್ದು ನೆನಪಿದೆ.

ಗಿಣಿಗೇರಾದ ಮಾಳಿಗೆಯ ಮೇಲೆ ಏನನ್ನು ಹರವಿದರೂ ಸಂಜೆಗೆ ಅದರ ಮೇಲೆ ಕಾರ್ಖಾನೆಯ ಧೂಳಿನ ಒಂದು ತೆಳು ಕಪ್ಪು ಪದರ ಇರುತ್ತದೆ. ಬೇಳೆಯಾದರೆ ತೊಳೆದೇ ಬೇಯಿಸುತ್ತೇವೆ. ಗುಂಡನ್ನು ಯಾರೂ ತೊಳೆಯಲಿಲ್ಲ. ನನಗೂ ಅದು ಹೊಳೆಯಲಿಲ್ಲ.

ಭಾನುವಾರ ತಂಗಿಯ ಜೊತೆ ಗಂಗಾವತಿಗೆ ಹೋದೆ. ಮೊದಲ ಕೆಲವು ಗುಂಡು ಹೇಗೋ ಹೋದವು. ಆಮೇಲೆ ಅವು ಕೆಳಗೆ ಕೆಳಗೆ ಬೀಳತೊಡಗಿದವು. ಗುಂಡು ತುಂಬುವಾಗ ಬೆರಳಿಗೆ ಅಂಟುತ್ತಿತ್ತು. ಚಾಚಾ ಒಂದನ್ನು ಎತ್ತಿ ಮೂಸಿ ನೋಡಿ, "ಒಗ್ಗರಣಿ ಒಂದ ಬಾಕಿ ಉಳದೈತಿ ನೋಡು," ಎಂದರು. ತಂಗಿ ತಲೆ ಎತ್ತಲಿಲ್ಲ. ಅವರು ನಳಿಗೆಯೊಳಗೆ ದಾರ ಇಳಿಬಿಟ್ಟು, ದಾರದ ತುದಿಗೆ ಬಟ್ಟೆಯ ಚೂರು ಕಟ್ಟಿ ಎಳೆದರು. ಬಟ್ಟೆ ಅಂಟಂಟಾಗಿ, ಕಾಡಿಗೆಯಂತೆ ಕಪ್ಪಾಗಿ ಬಂತು. ಔಡಲೆಣ್ಣೆ ಗಾಳಿಗೆ ಬಿಟ್ಟರೆ ದಪ್ಪವಾಗುತ್ತ ಹೋಗುತ್ತದೆ, ಅದರ ಜೊತೆಗೆ ನಮ್ಮೂರಿನ ಧೂಳು. ಸಂಜೆಯವರೆಗೆ ಬಟ್ಟೆ ಎಳೆಯುತ್ತಲೇ ಇದ್ದರು. ಬಯ್ಯಲಿಲ್ಲ. ತಪ್ಪು ನನ್ನದು, ಯಾವ ಎಣ್ಣೆ ಅಂತ ಹೇಳಬೇಕಿತ್ತು ಎಂದು ಮಾತ್ರ ಅಂದರು.

ಅವ್ವನಿಗೆ ನಾವು ಇದನ್ನು ಹೇಳಬಾರದು ಎಂದು ಬಸ್ಸಿನಲ್ಲಿ ಮಾತಾಡಿಕೊಂಡೆವು. ಆದರೆ ಅವಳು ಬಾಗಿಲಲ್ಲೇ ನಿಂತಿದ್ದಳು. ಗುಂಡು ಹೇಗೆ ಹೋದವು ಎಂದು ಕೇಳಿದಳು. ತಂಗಿಗೆ ಸುಳ್ಳು ಹೇಳಲು ಬರುವುದಿಲ್ಲ.

ನಳಿಗೆ ಶುದ್ಧವಾದ ಮೇಲೂ ಗುರಿ ಸರಿಹೋಗಲಿಲ್ಲ. ಎಣ್ಣೆಯಿಂದ ನಳಿಗೆ ಕೆಟ್ಟಿತು ಎಂಬ ಮಾತು ಹುಟ್ಟಿದ್ದು ಆಗ. ಯಾರು ಮೊದಲು ಅಂದರೋ ತಿಳಿಯದು. ರೇಂಜಿನ ಬೇರೆ ಹುಡುಗಿಯರು ಅಂದಿರಬಹುದು, ಅಪ್ಪ ಅಂದಿರಬಹುದು. ಎಣ್ಣೆಗೆ ಮೊದಲೇ ಗುಂಡುಗಳು ಚೆದುರುತ್ತಿದ್ದವು ಎಂಬುದನ್ನು ಎಲ್ಲರೂ ಮರೆತಿದ್ದರು. ಅವ್ವ ಆ ಮಾತನ್ನು ಕೇಳಿಸಿಕೊಂಡು ಒಳಗೆ ಹೋದಳು. ಆ ವಾರ ಅವಳು ತಂಗಿಯ ರೈಫಲ್ ಚೀಲ ಇದ್ದ ಮೂಲೆಯನ್ನು ಗುಡಿಸಲಿಲ್ಲ.

ನನಗೂ ತಪ್ಪು ಎಣ್ಣೆಯದೇ ಆಗಿರಲಿ ಎಂದಿತ್ತು. ನಳಿಗೆ ಕೆಟ್ಟಿದ್ದರೆ ಬದಲಾಯಿಸಬಹುದು. ಗುಂಡಿನದಾದರೆ ಬೇರೆ ಗುಂಡು ತರಬಹುದು. ಆಯ್ಕೆಗೆ ಇನ್ನೂ ಸಮಯವಿತ್ತು. ಹೀಗೆ ಹಾರೈಸಿಕೊಂಡೇ ನಾನು ಪರೀಕ್ಷೆ ಮಾಡಿ ನೋಡೋಣ ಎಂದು ಚಾಚಾನನ್ನು ಕೇಳಿದೆ.

ಮಾಡಿದ್ದು ಬಹಳ ಸರಳ. ಮನುಷ್ಯರ ಕೈ ಇಲ್ಲದೆ ರೈಫಲ್ ಹೊಡೆದರೆ ಗುಂಡು ಎಲ್ಲಿ ಹೋಗುತ್ತದೆ ಎಂದು ನೋಡಬೇಕು. ಗೋದಾಮಿನ ಪಕ್ಕದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವೆಲ್ಡಿಂಗ್ ಅಂಗಡಿ ಇತ್ತು. ಅಲ್ಲಿಂದ ಕಬ್ಬಿಣದ ತುಂಡುಗಳನ್ನು ಕಚ್ಚಿ ಹಿಡಿಯುವ ಭಾರದ ವೈಸ್ ತಂದು, ಗಿರಣಿಯ ಹಳೆಯ ಯಂತ್ರ ಕೂರಿಸಿದ್ದ ಸಿಮೆಂಟಿನ ಕಟ್ಟೆಗೆ ಬೋಲ್ಟ್ ಹಾಕಿ ಬಿಗಿಸಿದೆವು. ರೈಫಲ್ಲಿನ ಮರಕ್ಕೆ ಸೈಕಲ್ ಟ್ಯೂಬು ಸುತ್ತಿ ವೈಸಿನಲ್ಲಿ ಹಿಡಿಸಿದೆವು. ಚಾಚಾಗೆ ಇದು ಇಷ್ಟವಿರಲಿಲ್ಲ. ರೈಫಲ್ಲನ್ನು ಹೀಗೆ ಕಟ್ಟಿಹಾಕುವುದು ದನವನ್ನು ಲಾಳ ಹೊಡೆಯಲು ಕೆಡವಿದ ಹಾಗೆ ಕಾಣುತ್ತದೆ ಎಂದರು. ಆದರೂ ಬೋಲ್ಟ್‌ಗಳನ್ನು ಅವರೇ ಬಿಗಿ ಮಾಡಿದರು.

ಮೊದಲು ಒಣ ಗುಂಡುಗಳು. ಆಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಾಕಿ ಅದರ ಮೇಲೆ ಉರುಳಿಸಿದ ಗುಂಡುಗಳು. ಕೊನೆಗೆ ಡಬ್ಬಿಯ ತಳದಲ್ಲಿ ಉಳಿದಿದ್ದ ಅವ್ವನ ಗುಂಡುಗಳು. ಪ್ರತಿಯೊಂದು ಬಗೆಗೂ ಹೊಸ ಕಾಗದ. ನಳಿಗೆ ಒರೆಸಿದ ಮೇಲಿನ ಮೊದಲ ಕೆಲವು ಹೊಡೆತಗಳು ಅಲೆದಾಡುತ್ತವೆ, ಆಮೇಲೆ ಸ್ಥಿರವಾಗುತ್ತವೆ ಎಂಬುದು ಕಂಡುಬಂತು. ಹಾಗಾಗಿ ಅವನ್ನು ಬಿಟ್ಟು ನೋಡಿದೆ. ಒಣ ಗುಂಡಿನ ಕಾಗದದಲ್ಲಿ ಒಂದೇ ತೂತು ಇತ್ತು, ಅಂಚು ಮಾತ್ರ ಸ್ವಲ್ಪ ಹರಿದದ್ದು. ಎಣ್ಣೆಯ ಗುಂಡಿನ ಕಾಗದದಲ್ಲೂ ಒಂದೇ ತೂತು. ಹಿಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕದಿದ್ದರೆ ಯಾವುದು ಯಾವುದೆಂದು ನನಗೇ ಹೇಳಲಾಗುತ್ತಿರಲಿಲ್ಲ. ಅವ್ವನ ಗುಂಡುಗಳು ತುಸು ಕೆಳಗೆ, ತುಸು ಅಗಲವಾಗಿ ಬಿದ್ದಿದ್ದವು. ಆದರೂ ತಂಗಿಯ ಕಾಗದಗಳಲ್ಲಿದ್ದ ಚೆದುರುವಿಕೆಯ ಪಕ್ಕದಲ್ಲಿ ಅದು ಏನೂ ಅಲ್ಲ.

ಅಂದರೆ ನಳಿಗೆ ಕೆಟ್ಟಿರಲಿಲ್ಲ. ಎಣ್ಣೆ ಹಚ್ಚಿದರೂ ಹಚ್ಚದಿದ್ದರೂ ಗುಂಡು ಅದೇ ತೂತಿನಲ್ಲಿ ಹೋಗುತ್ತಿತ್ತು.

ರೈಫಲ್ ಬಿಚ್ಚಿ ತಂಗಿಯ ಕೈಗೆ ಕೊಟ್ಟೆವು. ಒಣ ಗುಂಡು ಮತ್ತು ಯಂತ್ರದ ಎಣ್ಣೆಯ ಗುಂಡುಗಳನ್ನು ಅವಳಿಗೆ ಗೊತ್ತಾಗದಂತೆ ನಾನೇ ಒಂದೊಂದಾಗಿ ತುಂಬಿಕೊಟ್ಟೆ. ಯಾವ ಗುಂಡು ಎಲ್ಲಿ ಬಿತ್ತು ಎಂಬುದನ್ನು ಒಂದೊಂದಾಗಿ ಬರೆದುಕೊಂಡೆ. ಅವಳು ನಿಧಾನವಾಗಿ, ಶ್ರದ್ಧೆಯಿಂದ ಹೊಡೆದಳು. ಕಾಗದ ಬಂದಾಗ ನನ್ನ ಕಣ್ಣು ಮೊದಲು ಹೋದದ್ದು ಎಣ್ಣೆಯ ಲೆಕ್ಕದ ಕಡೆಗಲ್ಲ. ಗುಂಡುಗಳು ಎಲ್ಲೆಂದರಲ್ಲಿ ಬಿದ್ದಿರಲಿಲ್ಲ. ಎರಡು ಗುಂಪಾಗಿ ಬಿದ್ದಿದ್ದವು. ಒಂದು ಕಪ್ಪಿನ ನಡುವೆ, ಇನ್ನೊಂದು ಅದರ ಮೇಲ್ಭಾಗದಲ್ಲಿ ಬಲಕ್ಕೆ. ಒಂದೇ ಕಾಗದಕ್ಕೆ ಇಬ್ಬರು ಹೊಡೆದ ಹಾಗೆ. ಲೆಕ್ಕಕ್ಕೆ ಹಿಡಿದು ನೋಡಿದರೆ ಪ್ರತಿ ಗುಂಪಿನಲ್ಲೂ ಒಣ ಗುಂಡು, ಎಣ್ಣೆಯ ಗುಂಡು ಬೆರೆತಿದ್ದವು. ನಳಿಗೆಯೊಳಗಿನ ಉಜ್ಜುವಿಕೆಯಿಂದ ಗುಂಡು ಚೆದುರಬಹುದು. ಎರಡು ಕಡೆ ಒಟ್ಟುಗೂಡಲಾರದು.

ಹಳೆಯ ಕಾಗದಗಳನ್ನು ತೆಗೆಸಿ ನೋಡಿದೆ. ಅವುಗಳಲ್ಲೂ ಹಾಗೆಯೇ ಇತ್ತು. ನಾವು ಅಂಕ ಕೂಡಿಸುತ್ತಿದ್ದೆವು, ಯಾರೂ ಆಕಾರ ನೋಡಿರಲಿಲ್ಲ.

ಇನ್ನೊಂದು ಸಂಗತಿಯೂ ಆಗ ನೆನಪಾಯಿತು. ರೈಫಲ್ಲಿನ ಹಿಂಬದಿಯಲ್ಲಿ ಕಣ್ಣಿಟ್ಟು ನೋಡಲು ಒಂದು ಸಣ್ಣ ಕಿಂಡಿ ಇರುತ್ತದೆ. ಅದರ ಸುತ್ತಲಿನ ಬಳೆ ತಿರುಗಿಸಿದರೆ ಕಿಂಡಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ತಂಗಿ ವರ್ಷದಿಂದ ಅದನ್ನು ಸಣ್ಣದು ಮಾಡುತ್ತಲೇ ಬಂದಿದ್ದಳು. ಇಷ್ಟು ಸಣ್ಣ ಕಿಂಡಿಯಲ್ಲಿ ಬೆಳಕೇ ಬರುವುದಿಲ್ಲ ಎಂದು ಚಾಚಾ ಒಮ್ಮೆ ಅಂದದ್ದುಂಟು. ಕಣ್ಣಿನಲ್ಲಿ ದೋಷವಿದ್ದವರಿಗೆ ಸೂಜಿಯ ತೂತಿನಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ. ಇದನ್ನು ನಾನು ತರಗತಿಯಲ್ಲಿ ಪಾಠ ಮಾಡುತ್ತೇನೆ.

"ಆ ಕರೀ ಚುಕ್ಕಿ ನಿನಗ ಹೆಂಗ ಕಾಣತೈತಿ?" ಎಂದು ಕೇಳಿದೆ.

"ಹೆಂಗಂದ್ರ? ಚುಕ್ಕಿ ಕಂಡಂಗ."

"ಒಂದ ಕಾಣತೈತೇನು?"

ಅವಳಿಗೆ ನಗು ಬಂತು. "ಒಂದು, ಮತ್ತ ಮ್ಯಾಲ ಅದರ ನೆರಳು. ಎಲ್ಲಾರಿಗೂ ಹಂಗ ಅಲ್ಲೇನಕ್ಕ? ಚಂದ್ರಗೂ ಇರತೈತಲ್ಲ, ಬೆನ್ನಿಗೆ ಇನ್ನೊಂದು ಇಣಿಕಿದಂಗ?"

ವೈಸಿನ ಬೋಲ್ಟ್ ಬಿಚ್ಚುತ್ತಿದ್ದ ಚಾಚಾ ಪಾನಾ ಕೆಳಗಿಟ್ಟರು. ತಂಗಿ ನಮ್ಮಿಬ್ಬರ ಮುಖ ನೋಡಿದಳು. ನಗು ನಿಂತಿತು.

"ಮೊದಲ ಯಾಕ ಹೇಳಲಿಲ್ಲ ಬೇಟಿ?" ಎಂದರು ಚಾಚಾ.

"ಏನಂತ ಹೇಳಲಿರಿ ಚಾಚಾ? ನನಗ ಕಾಣೋದ ಹಂಗ ಅಲ್ಲೇನ್ರಿ?"

ಅಪ್ಪನನ್ನೂ ಕರೆದುಕೊಂಡು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಹೋದೆವು. ವೈದ್ಯರು ಯಂತ್ರದಲ್ಲಿ ಕಣ್ಣಿನ ಚಿತ್ರ ತೆಗೆದು ತೋರಿಸಿದರು. ಕಣ್ಣಿನ ಮುಂಭಾಗದ ಪಾರದರ್ಶಕ ಪರದೆ ಗುಂಡಗಿರಬೇಕು. ಬಲಗಣ್ಣಿನಲ್ಲಿ ಅದು ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಚಾಚಿಕೊಂಡಿತ್ತು. ಚಿಕ್ಕಂದಿನಿಂದ ಕಣ್ಣು ತುರಿಸುತ್ತಿತ್ತೇ, ಉಜ್ಜಿಕೊಳ್ಳುತ್ತಿದ್ದೆಯಾ ಎಂದು ಕೇಳಿದರು. ಹೌದು ಎಂದಳು. ನಮ್ಮ ಓಣಿಯಲ್ಲಿ ಕಣ್ಣು ಉಜ್ಜಿಕೊಳ್ಳದ ಮಕ್ಕಳೇ ಇಲ್ಲ. ಎಲ್ಲರಿಗೂ ಹೀಗೆ ಆಗುವುದಿಲ್ಲ, ಯಾಕೆ ಆಗುತ್ತದೆಂದು ಖಚಿತವಾಗಿ ಹೇಳಲಾಗದು ಎಂದರು. ಎಡಗಣ್ಣಿನಲ್ಲಿ ಶುರುವಾಗಿದೆ, ಚಿಕಿತ್ಸೆ ಮಾಡಿ ಅದನ್ನು ಅಲ್ಲಿಗೇ ನಿಲ್ಲಿಸಬಹುದು. ಬಲಗಣ್ಣು ಆ ಹಂತ ದಾಟಿದೆ. ಗಟ್ಟಿ ಲೆನ್ಸ್ ಹಾಕಿ ನೋಡಬಹುದು, ಆದರೆ ಧೂಳಿನಲ್ಲಿ ಹಾಕುವಂತಿಲ್ಲ.

ಎಲ್ಲಿಂದ ಬಂದಿದ್ದೀರಿ ಎಂದು ಆಮೇಲೆ ಕೇಳಿದರು. ಅಪ್ಪ ಊರ ಹೆಸರು ಹೇಳಿದ. ವೈದ್ಯರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಓದು ಬರಹಕ್ಕೆ ತೊಂದರೆ ಇಲ್ಲ ಎಂದು ಧೈರ್ಯ ತುಂಬಿದರು. ರೈಫಲ್ಲಿನ ವಿಷಯ ಅಪ್ಪ ಎತ್ತಲಿಲ್ಲ, ತಂಗಿಯೂ ಎತ್ತಲಿಲ್ಲ.

ಎಡಗಣ್ಣಿಗೆ ಚಿಕಿತ್ಸೆ ಆಯಿತು. ಬಲಗಣ್ಣಿಗೆ ಲೆನ್ಸ್ ಬಂತು. ಹಾಕಿಕೊಂಡ ಮೊದಲ ದಿನ ಆಸ್ಪತ್ರೆಯ ಕಿಟಕಿಯಿಂದ ಹೊರಗೆ ನೋಡುತ್ತ ಅವಳು ಬಹಳ ಹೊತ್ತು ನಿಂತಿದ್ದಳು. ಕರೆಂಟಿನ ತಂತಿಗಳು ಒಂಟಿಯಾಗಿ ಕಾಣುತ್ತಿವೆ ಎಂದಳು. ಊರಿಗೆ ಬಂದ ಮೇಲೆ ಲೆನ್ಸಿನ ಕೆಳಗೆ ಧೂಳಿನ ಕಣ ಸಿಕ್ಕು ಕಣ್ಣು ಕೆಂಪಾಯಿತು. ಮತ್ತೆ ಪ್ರಯತ್ನಿಸಿದಳು, ಮತ್ತೆ ಕೆಂಪಾಯಿತು. ಗೋದಾಮಿನ ಹೊಟ್ಟಿನಲ್ಲಿ ಇನ್ನೂ ಕಷ್ಟ. ಚಾಚಾ ಎಡಗಡೆಯಿಂದ ಹೊಡೆಯುವುದನ್ನು ಹೇಳಿಕೊಡಲು ನೋಡಿದರು. ಭುಜ, ಕೆನ್ನೆ, ಬೆರಳು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ಆ ಕಣ್ಣಿನಲ್ಲೂ ಕಪ್ಪು ವೃತ್ತಕ್ಕೆ ಒಂದು ಮಸುಕು ಅಂಚು ಇತ್ತು.

ಆಯ್ಕೆಗೆ ಅವಳು ಹೋದಳು. ಬೇಡ ಎಂದು ಯಾರೂ ಹೇಳಲಿಲ್ಲ. ಬಲಗಡೆಯಿಂದಲೇ, ಲೆನ್ಸ್ ಇಲ್ಲದೆ, ಇದ್ದ ಗುಂಡುಗಳನ್ನೆಲ್ಲ ಹೊಡೆದು, ರೈಫಲ್ ಒರೆಸಿ ಚೀಲಕ್ಕೆ ಹಾಕಿಕೊಂಡು ಬಂದಳು. ಹೇಗಾಯಿತು ಎಂದು ಕೇಳಿದ್ದಕ್ಕೆ ಅಲ್ಲಿನ ದೀಪಗಳು ಬಹಳ ಚೆನ್ನಾಗಿವೆ ಎಂದಳು. ಪಟ್ಟಿಯಲ್ಲಿ ಹೆಸರಿರಲಿಲ್ಲ. ಅಪ್ಪ ಕುಷ್ಟಗಿಗೆ ಫೋನು ಮಾಡಿದ. ಅತ್ತೆ ಈ ಸಲ ಗುಬ್ಬಿಯ ಮಾತೆತ್ತಲಿಲ್ಲ. ಕಣ್ಣಿನ ವಿಷಯ ಕೇಳಿ, ನೋಡೋಣ, ಮಗನನ್ನೂ ಒಂದು ಮಾತು ಕೇಳುತ್ತೇನೆ ಎಂದಳು. ಆಮೇಲೆ ಅವಳಿಂದ ಫೋನು ಬಂದಿಲ್ಲ. ತಂಗಿಗೆ ಅದರಿಂದ ಬೇಸರವಾಯಿತೋ ಸಮಾಧಾನವಾಯಿತೋ ನಾನು ಕೇಳಿಲ್ಲ.

ಆ ರೈಫಲ್ ಈಗ ಸಿದ್ದಾಪುರದ ಒಬ್ಬ ಹುಡುಗಿಯ ಕೈಯಲ್ಲಿದೆ. ಅವಳು ಗುಂಡಿಗೆ ಎಣ್ಣೆ ಹಚ್ಚುವುದಿಲ್ಲ, ಚೆನ್ನಾಗಿ ಹೊಡೆಯುತ್ತಾಳೆ ಎಂದು ಚಾಚಾ ಹೇಳಿದರು. ಹಾಗೆ ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿರಬೇಕು, ಮಾತು ಬದಲಿಸಿದರು.

ಅವ್ವನಿಗೆ ನಾನು ಎಲ್ಲವನ್ನೂ ವಿವರಿಸಿದ್ದೇನೆ. ವೈಸಿನಲ್ಲಿ ಹೊಡೆದ ಕಾಗದಗಳನ್ನು ಬೆಳಕಿಗೆ ಹಿಡಿದು ತೋರಿಸಿದ್ದೇನೆ. ಎಣ್ಣೆ ಹಚ್ಚುವ ಮೊದಲೇ ಕಣ್ಣು ಕೆಟ್ಟಿತ್ತು, ಅದು ವರ್ಷಗಟ್ಟಲೆ ನಡೆಯುವ ಸಂಗತಿ ಎಂದು ಹೇಳಿದ್ದೇನೆ. ಅವಳು ಎಲ್ಲಕ್ಕೂ ಹೂಂ ಅನ್ನುತ್ತಾಳೆ. ಒಂದು ಸಲ ಮಾತ್ರ, ಪಾತ್ರೆ ತೊಳೆಯುತ್ತ, ನನ್ನ ಕಡೆ ತಿರುಗದೆ, "ಎಣ್ಣಿ ಬಳ್ಳಿಗೆ ಹತ್ತಿರತೈತಿ. ಅದ ಬಳ್ಳಿಲೆ ಕಣ್ಣ ತಿಕ್ಕೊಂಡಿರತಾಳ," ಎಂದಳು. ಬಳ್ಳು ಅಂದರೆ ನಮ್ಮಲ್ಲಿ ಬೆರಳು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಹೂಂ ಎಂದಳು.

ಈ ವರ್ಷ ತೊಗರಿ ಬಂದಾಗ ಅವಳು ಎಣ್ಣೆ ಹಚ್ಚಲಿಲ್ಲ. ಔಡಲೆಣ್ಣೆಯ ಸೀಸೆ ಅಡುಗೆಮನೆಯಲ್ಲಿಲ್ಲ. ಬೇಳೆಯನ್ನು ಹಾಗೆಯೇ ಡಬ್ಬಿಗೆ ತುಂಬಿದಳು. ಮಳೆಗಾಲಕ್ಕೆ ಹುಳ ಬಿದ್ದವು. ಕಳೆದ ಭಾನುವಾರ ತಂಗಿ ಅಂಗಳದಲ್ಲಿ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಮೊರವನ್ನು ಮುಖದ ಹತ್ತಿರಕ್ಕೆ ಎತ್ತಿ, ಎಡಕ್ಕೆ ತಲೆ ವಾಲಿಸಿ, ಗುರಿ ಹಿಡಿಯುತ್ತಿದ್ದ ಬಲಗಣ್ಣೊಂದರಿಂದ ನೋಡುತ್ತಿದ್ದಳು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಕೊಡು ನಾನು ಮಾಡುತ್ತೇನೆ ಎಂದು ನಾನು ಕೈ ಚಾಚಿದೆ. "ಇರ್ಲಿ ಬಿಡಕ್ಕ, ಇವು ಓಡಾಡತಾವಲ್ಲ, ಕಾಣತಾವ," ಎಂದಳು ತಂಗಿ. ಒಂದು ಹುಳವನ್ನು ಹಿಡಿಯಲು ಬೆರಳಿಟ್ಟಳು. ಬೆರಳು ಅದರ ಸ್ವಲ್ಪ ಮೇಲೆ, ಬಲಕ್ಕೆ, ಬೇಳೆಯ ಮೇಲೆ ಬಿತ್ತು.